ಶ್ವಾಸಕೋಶದಲ್ಲಿ ಗಂಟು ಕಂಡರೆ ಮೊದಲು ಹಳೇ ಸ್ಕ್ಯಾನ್ ಹುಡುಕಿ

ಬೇರೆ ಯಾವುದಕ್ಕೋ ಸಿಟಿ ಸ್ಕ್ಯಾನ್ ಮಾಡಿಸಿರುತ್ತೀರಿ. ವರದಿಯ ಕೊನೆಯಲ್ಲಿ ‘7 ಮಿ.ಮೀ. ನಾಡ್ಯೂಲ್’ ಅಂತ ಒಂದು ಸಾಲು. ಅಲ್ಲಿಗೆ ನಿದ್ದೆ ಹಾರಿಹೋಯಿತು. ನಾಡ್ಯೂಲ್ ಅಂದರೆ 3 ಸೆಂ.ಮೀ.ವರೆಗಿನ ಗಂಟು. ಚಿಕ್ಕ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ, ಹಳೇ ಸೋಂಕಿನ ಗುರುತುಗಳೇ ಜಾಸ್ತಿ.

ಹೆಜ್ಜೆ 1: ವಯಸ್ಸು, ಸಿಗರೇಟು, ಹಿಂದೆ ನಿಮಗೆ ಅಥವಾ ಮನೆಯವರಿಗೆ ಕ್ಯಾನ್ಸರ್ ಆಗಿತ್ತಾ ಅನ್ನುವುದು, ಎಲ್ಲವನ್ನೂ ಡಾಕ್ಟರಿಗೆ ಮುಚ್ಚಿಡದೆ ಹೇಳಿ.

ಹೆಜ್ಜೆ 2: ಹಳೇ ಸ್ಕ್ಯಾನ್ ಹುಡುಕಿ. ಜನ ಎಡವುವುದು ಇಲ್ಲೇ. ವರದಿಯ ಹಾಳೆಯನ್ನು ಜೋಪಾನ ಮಾಡಿ ಸಿಡಿಯನ್ನು ಎಸೆದಿರುತ್ತಾರೆ. ಗಂಟು ಬೆಳೆದಿದೆಯಾ ಅಂತ ಹೋಲಿಸಲು ಬೇಕಾಗಿರುವುದು ಚಿತ್ರಗಳು. ಎದೆಯ ಸ್ಕ್ಯಾನ್ ಮಾಡಿಸಿಯೇ ಇಲ್ಲ ಅನ್ನುತ್ತೀರಾ? ಹೊಟ್ಟೆಯ ಸಿಟಿಯಲ್ಲೂ ಶ್ವಾಸಕೋಶದ ಕೆಳಭಾಗ ಕಾಣುತ್ತದೆ. ಹಳೇ ಎಕ್ಸ್‌ರೇ ಇದ್ದರೆ ಅದನ್ನೂ ತನ್ನಿ.

ಗಟ್ಟಿ ಗಂಟು ಎರಡು ವರ್ಷ ಒಂದೇ ಅಳತೆಯಲ್ಲಿದ್ದರೆ ಸಾಮಾನ್ಯವಾಗಿ ನಿರಾಳ. ಮಂಜಿನಂತೆ ಮಸುಕಾಗಿ ಕಾಣುವ ಗಂಟು ತುಂಬಾ ನಿಧಾನವಾಗಿ ಬೆಳೆಯಬಹುದು, ಅದನ್ನು ಐದು ವರ್ಷ ಗಮನಿಸಬೇಕಾಗುತ್ತದೆ. ಇನ್ನು 8 ಮಿ.ಮೀ. ಇದ್ದದ್ದು 10 ಆದರೆ ‘ಎರಡೇ ಮಿಲಿಮೀಟರ್ ಅಲ್ವಾ’ ಅನ್ನಬೇಡಿ. ಗಂಟು ಎಲ್ಲ ದಿಕ್ಕಿಗೂ ಹಿಗ್ಗುತ್ತದೆ, ಹಾಗಾಗಿ ಅಡ್ಡಳತೆ ಸ್ವಲ್ಪವೇ ಹೆಚ್ಚಿದ್ದರೂ ಘನಗಾತ್ರ ಹೆಚ್ಚುಕಮ್ಮಿ ದುಪ್ಪಟ್ಟಾಗಿರುತ್ತದೆ. ಆದರೆ 6 ಇದ್ದದ್ದು 7 ಆಯಿತು ಅಂತ ಗಾಬರಿಯೂ ಬೇಡ, ಅಷ್ಟು ವ್ಯತ್ಯಾಸ ಅಳೆಯುವಾಗಲೇ ಬರುತ್ತದೆ. ಅದಕ್ಕೇ ಎರಡೂ ಸ್ಕ್ಯಾನ್‌ಗಳನ್ನು ಒಬ್ಬರೇ ರೇಡಿಯಾಲಜಿಸ್ಟ್ (ಸ್ಕ್ಯಾನ್ ಓದುವ ಡಾಕ್ಟರ್) ಪಕ್ಕಪಕ್ಕ ಇಟ್ಟು ಅಳೆಯಲಿ. ಸಿಟಿ ಎದೆಯನ್ನು ಪದರ ಪದರವಾಗಿ ಚಿತ್ರಿಸುತ್ತದೆ; ಮುಂದಿನ ಸ್ಕ್ಯಾನ್ ಒಂದೂವರೆ ಮಿ.ಮೀ.ಗಿಂತ ದಪ್ಪ ಪದರದಲ್ಲಿ ಬೇಡ ಅಂತ ಕೇಳಿಕೊಳ್ಳಿ. ದಪ್ಪ ಪದರದಲ್ಲಿ ಸಣ್ಣ ಗಂಟಿನ ಅಂಚು ಕಲಸಿಹೋಗುತ್ತದೆ.

ಹೆಜ್ಜೆ 3: ರೂಪ. ಅಂಚಿನಿಂದ ಮುಳ್ಳಿನಂಥ ಎಳೆಗಳು ಹೊರಟಿದ್ದರೆ, ಗಂಟು ಶ್ವಾಸಕೋಶದ ಮೇಲಿನ ಭಾಗದಲ್ಲಿದ್ದರೆ ಅನುಮಾನ ಹೆಚ್ಚು. ನಟ್ಟನಡುವೆ ಸುಣ್ಣ ಕಟ್ಟಿದ್ದರೆ ಅಥವಾ ಒಳಗೆ ಕೊಬ್ಬು ಕಂಡರೆ ಅನುಮಾನ ಕಡಿಮೆ.

ಹೆಜ್ಜೆ 4: ಗಾತ್ರ ನೋಡಿ ಮುಂದಿನ ದಾರಿ. ಎದೆಯ ಸ್ಕ್ಯಾನ್ ತಜ್ಞರ ಅಂತರರಾಷ್ಟ್ರೀಯ ಸಂಘವಾದ ಫ್ಲೈಷ್ನರ್ ಸೊಸೈಟಿಯ 2017ರ ಮಾರ್ಗಸೂಚಿ 35 ದಾಟಿದ, ಕ್ಯಾನ್ಸರ್ ಇಲ್ಲದ, ರೋಗನಿರೋಧಕ ಶಕ್ತಿ ಕುಂದದವರಿಗೆ. ಅದರ ಪ್ರಕಾರ 6 ಮಿ.ಮೀ.ಗಿಂತ ಚಿಕ್ಕ ಒಂಟಿ ಗಟ್ಟಿ ಗಂಟಿಗೆ, ಅಪಾಯ ಕಡಿಮೆಯಿದ್ದರೆ, ಮತ್ತೆ ಸ್ಕ್ಯಾನ್ ಬೇಕಿಲ್ಲ. 6ರಿಂದ 8 ಇದ್ದರೆ 6ರಿಂದ 12 ತಿಂಗಳಲ್ಲಿ ಇನ್ನೊಂದು ಸಿಟಿ. 8 ದಾಟಿದರೆ ಮೂರು ತಿಂಗಳಿಗೆ ಸಿಟಿ, ಇಲ್ಲವೇ ಪೆಟ್ ಸ್ಕ್ಯಾನ್ (ಸಕ್ಕರೆಯನ್ನು ಹೆಚ್ಚು ಹೀರುವ ಜಾಗ ಹೊಳೆದು ಕಾಣುವ ಸ್ಕ್ಯಾನ್) ಅಥವಾ ಬಯಾಪ್ಸಿ (ಗಂಟಿನ ಚೂರು ತೆಗೆದು ಪರೀಕ್ಷೆ).

ಸುಮ್ನೆ ಹೆದರಿ ಮೊದಲೇ ಪೆಟ್ ಸ್ಕ್ಯಾನ್‌ಗೆ ಓಡಬೇಡಿ. ಕ್ಷಯದ ಗಂಟೂ ಅದರಲ್ಲಿ ಹೊಳೆಯುತ್ತದೆ, ಚಿಕ್ಕ ಕ್ಯಾನ್ಸರ್ ಹೊಳೆಯದೇ ಇರಬಹುದು. ಕ್ಯಾನ್ಸರ್ ಸುಳಿವು ಹುಡುಕುವ ರಕ್ತದ ‘ಟ್ಯೂಮರ್ ಮಾರ್ಕರ್’ ಪರೀಕ್ಷೆಯನ್ನೂ ನಂಬಿ ಕೂರಬೇಡಿ. ಕೆಮ್ಮಿದಾಗ ರಕ್ತ ಬಂದರೆ, ತೂಕ ಇಳಿಯುತ್ತಿದ್ದರೆ ಮಾತ್ರ ಮೇಲೆ ಹೇಳಿದ ತಿಂಗಳುಗಳ ಲೆಕ್ಕ ಬಿಟ್ಟು ತಕ್ಷಣ ಡಾಕ್ಟರ ಹತ್ತಿರ ಹೋಗಿ, ಸಿಡಿಗಳ ಸಮೇತ.