ಸಾಲ್ಟೇರ್ ನೋಡಲು ಅರ್ಧ ದಿನ

ಇಂಗ್ಲೆಂಡಿನ ಏರ್ ನದಿ ದಡದ ಈ ಗಿರಣಿ ಊರಿಗೆ ಕಾರಿನಲ್ಲಿ ಹೋಗಬೇಡಿ. ಕಾರ್ಮಿಕರಿಗಾಗಿ ಕಟ್ಟಿದ ಇಕ್ಕಟ್ಟಾದ ಬೀದಿಗಳಲ್ಲಿ ಜಾಗ ಹುಡುಕುವುದರಲ್ಲೇ ಬೆಳಗು ಕಳೆದೀತು. ಲೀಡ್ಸ್‌ನಿಂದ ರೈಲು ಹಿಡಿದರೆ ಸುಮಾರು ಕಾಲು ಗಂಟೆ. ಸ್ಕಿಪ್ಟನ್ ಕಡೆಗೆ ಪ್ರತಿ ನಿಲ್ದಾಣದಲ್ಲೂ ನಿಲ್ಲುವ ಗಾಡಿಯನ್ನೇ ಹತ್ತಿ. ಕಾರ್ಲೈಲ್‌ಗೆ ಹೋಗುವುದು ಇಲ್ಲಿ ನಿಲ್ಲುವುದಿಲ್ಲ. ಬ್ರಾಡ್‌ಫರ್ಡ್‌ನಿಂದ ಬರುವವರು ಫಾರ್ಸ್ಟರ್ ಸ್ಕ್ವೇರ್ ನಿಲ್ದಾಣಕ್ಕೇ ಹೋಗಬೇಕು. ಅಲ್ಲಿನ ಇನ್ನೊಂದು ನಿಲ್ದಾಣ ಇಂಟರ್‌ಚೇಂಜ್‌ಗೆ ಹೋಗಿ ಪೇಚಾಡುವವರು ಕಡಿಮೆಯೇನಿಲ್ಲ.

ಇಳಿದ ಕೂಡಲೇ ಗಿರಣಿಗೆ ನುಗ್ಗುವ ಬದಲು ಮೊದಲು ವಿಕ್ಟೋರಿಯಾ ರಸ್ತೆಯಲ್ಲಿ ಮೇಲಕ್ಕೆ ನಡೆಯಿರಿ. ಬೀದಿಗಳ ಹೆಸರು ಓದುತ್ತಾ ಹೋಗಿ: ಟೈಟಸ್, ಕ್ಯಾರೊಲಿನ್, ಫ್ಯಾನಿ, ಹರ್ಬರ್ಟ್. ಗಿರಣಿ ಮಾಲೀಕ ಟೈಟಸ್ ಸಾಲ್ಟ್, ಅವನ ಹೆಂಡತಿ, ಮಕ್ಕಳು! ಸಾಲುಮನೆಗಳ ನಡುವೆ ಅಲ್ಲಲ್ಲಿ ತಲೆ ಎತ್ತಿದ ದೊಡ್ಡ ಮನೆಗಳು ಮೇಲ್ವಿಚಾರಕರಿಗೆ ಕಟ್ಟಿದವು. ಜನ ಈಗಲೂ ವಾಸವಿದ್ದಾರೆ, ಕಿಟಕಿಯಲ್ಲಿ ಇಣುಕಬೇಡಿ.

ಆಮೇಲೆ ಇಳಿದು ಬಂದು 1853ರಲ್ಲಿ ಆರಂಭವಾದ ಸಾಲ್ಟ್ಸ್ ಮಿಲ್ ಹೊಕ್ಕರೆ ಚಿತ್ರಕಲಾವಿದ ಡೇವಿಡ್ ಹಾಕ್ನಿಯ ಚಿತ್ರಗಳಿವೆ. ಪ್ರವೇಶ ಉಚಿತ. ವಾರವಿಡೀ ತೆರೆದಿರುತ್ತದೆಂದು ನಂಬಬೇಡಿ, ದಿನ ನೋಡಿಕೊಂಡೇ ಹೊರಡಿ.

ಕಾಲಲ್ಲಿ ಶಕ್ತಿ ಉಳಿದಿದ್ದರೆ ಕಾಲುವೆಯ ಪಕ್ಕದ ದಾರಿ ಹಿಡಿದು ಪಶ್ಚಿಮಕ್ಕೆ ಸುಮಾರು 5 ಕಿ.ಮೀ. ನಡೆಯಿರಿ. ಬಿಂಗ್ಲಿಯಲ್ಲಿ 1774ರ ಐದು ಹಂತದ ಲಾಕ್ (ನೀರು ತುಂಬಿಸಿ, ಖಾಲಿ ಮಾಡಿ ದೋಣಿ ಏರಿಸಿ ಇಳಿಸುವ, ಬಾಗಿಲುಳ್ಳ ತೊಟ್ಟಿಗಳ ಸಾಲು) ದೋಣಿಗಳನ್ನು ಸುಮಾರು 18 ಮೀಟರ್ ಮೇಲೇರಿಸುತ್ತದೆ. ಒಂದು ಹಂತದ ಮೇಲ್ಬಾಗಿಲೇ ಮುಂದಿನದರ ಕೆಳಬಾಗಿಲು. ಹಾಗಾಗಿ ನೀರನ್ನು ತಪ್ಪು ಕ್ರಮದಲ್ಲಿ ಬಿಟ್ಟರೆ ಕೆಳಗಿನ ಹಂತ ಉಕ್ಕಿ ಹರಿಯುತ್ತದೆ. ಮಳೆಯಾಗಿದ್ದರೆ ದಾರಿ ಕೆಸರು, ಗಟ್ಟಿ ಶೂ ಬೇಕು. ಹಿಂದಿನಿಂದ ಸೈಕಲ್ ಬರುತ್ತಿರುತ್ತವೆ, ಕಿವಿ ತೆರೆದಿರಲಿ. ವಾಪಸಾಗಲು ಬಿಂಗ್ಲಿಯಿಂದಲೇ ಲೀಡ್ಸ್‌ಗೆ ರೈಲುಂಟು.