ಯೂತ್ ಸಂಡೇ ಸಾಲದು, ಮಾಮೂಲಿ ಭಾನುವಾರವನ್ನೇ ಮಕ್ಕಳ ಕೈಗೆ ಕೊಡಿ

ಚರ್ಚಿನ ಹಾಡುಗಾರಿಕೆಯಲ್ಲಿ ಹದಿಹರೆಯದ ಮಕ್ಕಳನ್ನು ಸೇರಿಸಿಕೊಳ್ಳುವುದು ಹೇಗೆ ಎಂದು ಬೇರೆ ಸಭೆಗಳವರು (ಸಭೆ ಅಂದರೆ ಒಂದು ಚರ್ಚಿಗೆ ಸೇರಿದ ಜನ) ಆಗಾಗ ಕೇಳುತ್ತಾರೆ. ನಾನು ಕೋಲಾರದ ಒಂದು ಸಭೆಯಲ್ಲಿ ಕ್ವೈರ್, ಅಂದರೆ ಹಾಡುವ ತಂಡ, ನೋಡಿಕೊಳ್ಳುತ್ತೇನೆ, ವಾರದ ದಿನಗಳಲ್ಲಿ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಆರಾಧನೆಯನ್ನು ಯುವಜನರೇ ನಡೆಸುವ ಯೂತ್ ಸಂಡೇ ವರ್ಷಕ್ಕೊಂದು ಮಾಡಿ, ಕ್ರಿಸ್ಮಸ್‌ಗೆ ಕ್ಯಾರಲ್ಸ್ ಹಾಡಿಸಿ, ಉಳಿದ ದಿನ ಹಿಂದಿನ ಬೆಂಚಿನಲ್ಲಿ ಕೂರಿಸಿದರೆ ಮಕ್ಕಳು ನಿಲ್ಲುವುದಿಲ್ಲ. ದೃಢೀಕರಣ (ಮಕ್ಕಳು ತಮ್ಮ ನಂಬಿಕೆಯನ್ನು ಸಭೆಯ ಮುಂದೆ ಒಪ್ಪಿಕೊಳ್ಳುವ ವಿಧಿ) ಆದ ಮೇಲೆ ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. ಮಾಮೂಲಿ ಭಾನುವಾರ, ಜನ ಕಡಿಮೆ ಬರುವ ಭಾನುವಾರ, ಮಳೆ ಬಂದು ಕರೆಂಟ್ ಹೋದ ಭಾನುವಾರ, ಅದರ ಜವಾಬ್ದಾರಿ ಕೊಡಬೇಕು.

ಕೋಲಾರಕ್ಕೆ ಈ ಮಾತು ಹೊಸದೇನಲ್ಲ. 1876-78ರ ದೊಡ್ಡ ಬರಗಾಲದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡ ಮಕ್ಕಳನ್ನು ಮಿಸ್ ಆನ್‌ಸ್ಟಿ ಎಂಬ ಮಿಷನರಿ ಇಲ್ಲಿ ಸಾಕಿದರು, ಆ ಕೆಲಸ ಮುಂದೆ ಮೆಥೋಡಿಸ್ಟ್ ಮಿಷನ್‌ಗೆ ಬಂತು. ಅಂದರೆ ಈ ಊರಿನ ಆರಾಧನೆಯಲ್ಲಿ ಮಕ್ಕಳ ದನಿ ಶುರುವಿನಿಂದಲೂ ಇತ್ತು. ಹಿರಿಯರ ಮುಂದೆ ಈ ವಿಷಯ ಎತ್ತುವಾಗ ನಾನು ಇದನ್ನು ತಪ್ಪದೆ ಹೇಳುತ್ತೇನೆ.

ನಮ್ಮ ಕಡೆಯ ಮಕ್ಕಳ ಮೊದಲ ಕಷ್ಟ ರಾಗ ತಾಳದ್ದಲ್ಲ, ಓದುವುದರದ್ದು. ಮನೆಯಲ್ಲಿ ತೆಲುಗು, ಕೆಲವರ ಮನೆಯಲ್ಲಿ ತಮಿಳು, ಸ್ಕೂಲಿನಲ್ಲಿ ಇಂಗ್ಲಿಷ್, ಆರಾಧನೆ ಮಾತ್ರ ಕನ್ನಡದಲ್ಲಿ. ಹಾಡಿನ ಪುಸ್ತಕದ ಸಣ್ಣ ಅಕ್ಷರ, ಹಳೆಯ ಪದ, ಮೇಲೆ ರಾಗದ ಓಟ. ಬಾಯಿ ಆಡಿಸುತ್ತಾರೆ, ದನಿ ಬರುವುದಿಲ್ಲ. ದೊಡ್ಡವರು ಅದನ್ನು ನೋಡಿ ಮಕ್ಕಳಿಗೆ ಭಕ್ತಿ ಇಲ್ಲ ಅನ್ನುತ್ತಾರೆ. ನಾನು ಪ್ರಾಕ್ಟೀಸಿನಲ್ಲಿ ಮೊದಲು ವಾದ್ಯ ಮುಟ್ಟಿಸುವುದೇ ಇಲ್ಲ. ಹಾಡನ್ನು ಗಟ್ಟಿಯಾಗಿ ಓದಿಸುತ್ತೇನೆ, ಸಾಲು ಸಾಲಾಗಿ, ತಾಳಕ್ಕೆ ಕೈ ತಟ್ಟುತ್ತಾ. ಅರ್ಥ ಕೇಳುತ್ತೇನೆ. ತೆಲುಗಿನಲ್ಲಿ ಹೇಳಿದರೂ ಸರಿ, ತಮಿಳಿನಲ್ಲಿ ಹೇಳಿದರೂ ಸರಿ, ಅವರ ಮಾತಿನಲ್ಲಿ ಹೇಳಲಿ. ಆಮೇಲೆ ತಮ್ಮ ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಬೇಕು. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದುಕೊಂಡರೆ ಹ್ರಸ್ವ ದೀರ್ಘ ಎಲ್ಲ ಕಲಸಿಹೋಗುತ್ತದೆ, ಎಳೆಯಬೇಕಾದ ಕಡೆ ಕತ್ತರಿಸುತ್ತಾರೆ. ಆತ್ಮದಿಂದಲೂ ಹಾಡುತ್ತೇನೆ, ಬುದ್ಧಿಯಿಂದಲೂ ಹಾಡುತ್ತೇನೆ ಎಂದು ಬೈಬಲಿನಲ್ಲಿ ಪೌಲ ಕೊರಿಂಥದವರಿಗೆ ಬರೆದದ್ದು ನೆನಪಿದೆಯಲ್ಲ, ಆ ಬುದ್ಧಿಯ ಭಾಗಕ್ಕೆ ನಾವು ಪ್ರಾಕ್ಟೀಸಿನ ಅರ್ಧ ಸಮಯ ಕೊಡುತ್ತೇವೆ.

ಇನ್ನು ದನಿಯ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹುಡುಗರು ಕ್ವೈರ್ ಬಿಡುವುದು ಬಹುಪಾಲು ಇಲ್ಲೇ. ಹನ್ನೆರಡರಿಂದ ಹದಿನೈದರ ಒಳಗೆ ಹುಡುಗರ ಗಂಟಲು ಬೆಳೆಯುತ್ತದೆ, ಧ್ವನಿತಂತುಗಳು ಉದ್ದ ಆಗುತ್ತವೆ, ದಪ್ಪ ಆಗುತ್ತವೆ, ದನಿ ಹೆಚ್ಚುಕಡಿಮೆ ಒಂದು ಆಕ್ಟೇವ್ (ಸಾ ಇಂದ ಮೇಲಿನ ಸಾ ವರೆಗಿನಷ್ಟು) ಕೆಳಗೆ ಇಳಿಯುತ್ತದೆ. ಸಂಡೆ ಸ್ಕೂಲಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾಡುತ್ತಿದ್ದ ಹುಡುಗನೇ ಒಂದು ದಿನ ಚರಣದ ಮಧ್ಯೆ ದನಿ ಒಡೆದು ನಿಲ್ಲುತ್ತಾನೆ. ಪಕ್ಕದವರು ನಗುತ್ತಾರೆ. ಅಷ್ಟೇ, ಮುಂದಿನ ವಾರ ಅವನು ಬರುವುದಿಲ್ಲ, ಟ್ಯೂಷನ್ ಇದೆ ಅನ್ನುತ್ತಾನೆ. ಹೆಣ್ಣುಮಕ್ಕಳ ದನಿಯೂ ಆ ವಯಸ್ಸಿನಲ್ಲಿ ಬದಲಾಗುತ್ತದೆ, ಆದರೆ ಸ್ವಲ್ಪ ಮಾತ್ರ, ಕೆಲವು ತಿಂಗಳು ಗಾಳಿ ಸೇರಿದ ಹಾಗೆ ಕೇಳಿಸುತ್ತದೆ.

ಹಾಗಾಗಿ ಆ ವಯಸ್ಸಿನ ಹುಡುಗರ ದನಿಯನ್ನು ಆಗಾಗ ಒಬ್ಬೊಬ್ಬರದಾಗಿ ನೋಡುತ್ತೇನೆ, ಬೇರೆ ಮಕ್ಕಳ ಎದುರಿಗಲ್ಲ, ಅವನ ಅಮ್ಮನೋ ಇನ್ನೊಬ್ಬ ಟೀಚರೋ ಇರುವಾಗ. ಸುಲಭವಾಗಿ ಎಲ್ಲಿಯವರೆಗೆ ಹೋಗುತ್ತಾನೆ, ಎಲ್ಲಿ ಒಡೆಯುತ್ತದೆ ಎಂದು ಅವನ ನೋಟ್‌ಬುಕ್ಕಿನಲ್ಲೇ ಬರೆಯುತ್ತೇನೆ. ಇದು ರೋಗ ಅಲ್ಲ, ಇಳಿಯುವುದು ನಿಂತ ಮೇಲೆ ಇನ್ನೊಂದು ದನಿ ಬರುತ್ತದೆ ಎಂದು ವಿವರಿಸುತ್ತೇನೆ. ಅಲ್ಲಿಯವರೆಗೆ ಕಡಿಮೆ ಸ್ವರಗಳ ಕೆಳಗಿನ ಸಾಲು ಹಾಡಿಸುತ್ತೇನೆ, ಬರೀ ಸಾ ಮತ್ತು ಪಾ ಹಿಡಿದು ನಿಂತರೂ ಸಾಕು, ಕೀರ್ತನೆಗಳಿಗೆ ಅದು ತಂಬೂರಿಯ ಹಾಗೆ ಆಧಾರ ಕೊಡುತ್ತದೆ. ಜೊತೆಗೆ ಡೋಲಕ್ ಅಥವಾ ತಾಳ ಕಲಿಸುತ್ತೇನೆ. ಒತ್ತಾಯದಿಂದ ಮೇಲಿನ ಸ್ವರ ಎಳೆಸುವುದು ಬೇಡವೇ ಬೇಡ.

ಶ್ರುತಿಯನ್ನೂ ಇಳಿಸಿದೆವು. ಪುಸ್ತಕದಲ್ಲಿ ಅಚ್ಚಾದ ಪಾಶ್ಚಾತ್ಯ ರಾಗಗಳು ಪಳಗಿದ ಸೊಪ್ರಾನೊ ದನಿಗೆ, ಅಂದರೆ ಹೆಂಗಸರ ಎತ್ತರದ ದನಿಗೆ, ಹೊಂದುವಂತೆ ಮೇಲೆ ಇರುತ್ತವೆ. ಭಾನುವಾರ ಬೆಳಿಗ್ಗೆ ಇಡೀ ಸಭೆಗೆ ಅದು ಆಗುವುದಿಲ್ಲ. ಕೀಬೋರ್ಡಿನ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಶ್ರುತಿಯನ್ನು ಎರಡು ಮೂರು ಮನೆ (ಕೀಬೋರ್ಡಿನ ಒಂದೊಂದು ಕೀ ಒಂದು ಮನೆ) ಕೆಳಗೆ ತಂದರೆ ಅಜ್ಜಂದಿರೂ ಹಾಡುತ್ತಾರೆ, ದನಿ ಒಡೆದ ಹುಡುಗರೂ ಹಾಡುತ್ತಾರೆ. ನನ್ನ ಅಳತೆ ಇಷ್ಟೇ, ಕೀಬೋರ್ಡಿನ ನಡುವಿನ ಸಿ ಸ್ವರಕ್ಕಿಂತ ಕೆಳಗಿನ ಎ ಸ್ವರದಿಂದ ಮೇಲಿನ ಆಕ್ಟೇವಿನ ಡಿ ಸ್ವರದವರೆಗೆ ಹಾಡು ಮುಗಿಯಬೇಕು. ಒಂದು ಎಚ್ಚರ. ಕೀಬೋರ್ಡಿಗೆ ಬಟನ್ ಇದೆ, ತಬಲಾಕ್ಕೆ ಇಲ್ಲ. ಸುತ್ತಿಗೆಯಲ್ಲಿ ತಬಲಾವನ್ನು ಒಂದೆರಡು ಮನೆ ಅತ್ತಿತ್ತ ಮಾಡಬಹುದು, ಅದಕ್ಕಿಂತ ಜಾಸ್ತಿ ಆಗುವುದಿಲ್ಲ. ಶ್ರುತಿ ತುಂಬಾ ಇಳಿದ ಹಾಡಿಗೆ ಡೋಲಕ್ ಹಿಡಿಯುವುದು ಒಳ್ಳೆಯದು.

ವಾದ್ಯಗಳಲ್ಲಿ ಮಕ್ಕಳಿಗೆ ಮೊದಲು ಗಿಟಾರ್ ಮೇಲೆ ಕಣ್ಣು. ಯೂಟ್ಯೂಬ್ ನೋಡಿ ಸಿನಿಮಾ ಹಾಡಿನ ಕಾರ್ಡ್ಸ್ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ಕಲಿತು ಬರುತ್ತಾರೆ, ಬರಲಿ, ಬೆರಳು ಪಳಗಿರುತ್ತದೆ ಅಲ್ವಾ. ಹಳೆಯ ಕೀರ್ತನೆಗಳಿಗೆ ಮಾತ್ರ ಪ್ರತಿ ಮಾತ್ರೆಗೂ ಕಾರ್ಡ್ ಬದಲಿಸಲು ಬಿಡುವುದಿಲ್ಲ. ಆ ರಾಗಗಳಲ್ಲಿ ಗಮಕ ಇದೆ, ಸ್ವರ ಜಾರುತ್ತದೆ, ಕಾರ್ಡ್ ಜಾಸ್ತಿಯಾದಷ್ಟು ರಾಗ ಮುರಿಯುತ್ತದೆ. ಕೀಬೋರ್ಡ್ ತಾನಾಗಿಯೇ ಬಾರಿಸುವ ತಾಳ, ಆಟೋ ರಿದಂ ಕೂಡ ಬಂದ್. ಸಭೆ ನಿಧಾನವಾದರೆ ಅದು ನಿಧಾನವಾಗುವುದಿಲ್ಲ, ಜನರನ್ನು ಬಿಟ್ಟು ಮುಂದೆ ಓಡುತ್ತದೆ.

ಚರ್ಚಿನ ಒಂದು ಸುಗ್ಗಿ ಹಬ್ಬಕ್ಕೆ ಹತ್ತನೇ ಕ್ಲಾಸಿನ ಹುಡುಗನೊಬ್ಬ "ಆಂಟಿ, ನಾನು ತಮಟೆ ಬಾರಿಸಲಾ?" ಎಂದು ಕೇಳಿದ. ಅವನ ತಾತ ಹಳ್ಳಿಯಲ್ಲಿ ಬಾರಿಸುತ್ತಿದ್ದವರು. ಕಮಿಟಿಯಲ್ಲಿ ಮಾತು ಬಿಸಿಯಾಯಿತು. ಅದು ಚರ್ಚಿಗೆ ತರುವ ವಾದ್ಯವಾ ಎಂದು ಕೆಲವರು, ನಮ್ಮವರು ಆ ಕೆಲಸ ಬಿಟ್ಟು ಬಂದದ್ದು ಸಾಲದಾ ಎಂದು ಇನ್ನು ಕೆಲವರು. ಎರಡನೆಯ ಮಾತಿನ ನೋವು ನನಗೆ ಗೊತ್ತು, ಅದನ್ನು ತಳ್ಳಿಹಾಕಲಿಲ್ಲ. ಸಾವಿಗೆ, ಡಂಗೂರಕ್ಕೆ ಕರೆದು ಬಾರಿಸಲು ಹೇಳಿ, ಬಾರಿಸಿದವನನ್ನು ದೂರ ಇಟ್ಟ ಊರುಗಳು ನಮ್ಮವೇ. ಆದರೆ ಆ ಹುಡುಗನಿಗೆ ಅದು ತಾತನ ವಿದ್ಯೆ, ಹೆಮ್ಮೆಯಿಂದ ದೇವರ ಮುಂದೆ ತರಲು ಬಂದಿದ್ದ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದನ್ನು ನೆನಪಿಸಿದೆ. ಬೈಬಲಿನ 150ನೇ ಕೀರ್ತನೆ ಓದಿದೆ, ಅದರಲ್ಲಿ ದಮ್ಮಡಿಯೂ ಇದೆ, ತಾಳವೂ ಇದೆ, ಕುಣಿತವೂ ಇದೆ. ಪಾಸ್ಟರ್ ಅಯ್ಯನವರು ಹುಡುಗನ ಪರ ನಿಂತರು. ರಾಗಿ ತೆನೆ, ಟೊಮೆಟೊ ಬಾಕ್ಸ್, ಸೀಬೆಹಣ್ಣು ಹೊತ್ತು ಜನ ಗೇಟಿನಿಂದ ಬರುವಾಗ ತಮಟೆ, ಬಾಗಿಲು ದಾಟಿದ ಮೇಲೆ ತಬಲಾ, ಹೀಗೆ ಮಾಡಿದೆವು. ಕಲ್ಲಿನ ಕಟ್ಟಡದ ಒಳಗೆ ತಮಟೆಯ ಸದ್ದು ಗುಂಯ್ ಎಂದು ಸುತ್ತಿ ಮಾತು ಕೇಳಿಸುವುದಿಲ್ಲ, ಅದಕ್ಕೆ ಈ ಏರ್ಪಾಡು. ಬಾರಿಸುವ ಮೊದಲು ಬೆಂಕಿಗೆ ಹಿಡಿದು ಕಾಯಿಸಬೇಕು, ಆಗಲೇ ಚರ್ಮ ಬಿಗಿಯಾಗುವುದು. ಆ ಕೆಲಸಕ್ಕೆ ಉಳಿದ ಹುಡುಗರೆಲ್ಲ ಓಡಿಬಂದರು. ಈಗ ಪ್ರತಿ ಸುಗ್ಗಿ ಹಬ್ಬಕ್ಕೂ ತಮಟೆ ಇರುತ್ತದೆ.

ಹಾಡು ಆರಿಸುವುದು ಯಾರು ಎಂಬುದು ಬಹಳ ಮುಖ್ಯ. ದೊಡ್ಡವರು ಆರಿಸಿ ಮಕ್ಕಳ ಕೈಯಲ್ಲಿ ಹಾಡಿಸಿದರೆ ಅದು ಕೂಲಿ ಕೆಲಸ. ನಮ್ಮಲ್ಲಿ ಬುಧವಾರದೊಳಗೆ ಪಾಸ್ಟರ್ ಆ ವಾರದ ಬೈಬಲ್ ವಾಕ್ಯಭಾಗ ಕಳಿಸುತ್ತಾರೆ. ಇಬ್ಬರು ಮಕ್ಕಳು ಅದನ್ನು ಓದಿ ಹಾಡು ಸೂಚಿಸಬೇಕು, ಯಾಕೆ ಈ ಹಾಡು ಎಂದು ಎರಡು ಮಾತಿನಲ್ಲಿ ಹೇಳಬೇಕು. "ಬೀಟ್ ಚೆನ್ನಾಗಿದೆ" ಸಾಲದು. ಹಿಂದಿನ ಬೆಂಚಿನ ಅಜ್ಜಿಗೆ ಪುಸ್ತಕ ಇಲ್ಲದೆ ಬರುವ ಹಾಡು ಒಂದಾದರೂ ಇರಬೇಕು, ಹೊಸ ಹಾಡು ಒಂದಕ್ಕಿಂತ ಜಾಸ್ತಿ ಬೇಡ, ಹೊಸದನ್ನು ತಂದರೆ ಮುಂದಿನ ಕೆಲವು ವಾರ ಅದನ್ನೇ ಹಾಡಬೇಕು. ಮಕ್ಕಳಿಗೆ ಬೇಗ ಬೇಜಾರಾಗುತ್ತದೆ, ಸಭೆಗೆ ಆಗ ತಾನೇ ಬಾಯಿಗೆ ಬರುತ್ತಿರುತ್ತದೆ.

ಹಳೆಯ ಹಾಡುಗಳ ವಿಷಯದಲ್ಲಿ ಹಿರಿಯರನ್ನು ಪ್ರಾಕ್ಟೀಸಿಗೇ ಕರೆದದ್ದು ತುಂಬಾ ಉಪಯೋಗವಾಯಿತು. ನಮ್ಮ ಸಭೆಯಲ್ಲಿ ಕೆಲವು ಕೀರ್ತನೆಗಳನ್ನು ಹಾಡುವ ರೀತಿ ಬೇರೆ ಊರಿನ ಹಾಗೆ ಇಲ್ಲ, ಅನುಪಲ್ಲವಿಯಲ್ಲಿ ಒಂದು ಸುತ್ತು ಜಾಸ್ತಿ ಇದೆ, ಅದು ವಯಸ್ಸಾದವರ ಬಾಯಲ್ಲಿ ಮಾತ್ರ ಉಳಿದಿತ್ತು. ಮಕ್ಕಳು ಅಜ್ಜಿಯಂದಿರ ಎದುರು ಕೂತು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಕಲಿತರು. ಚಹಾ, ಬನ್ನು, ಜೊತೆಗೆ ಹಳೆಯ ಕಥೆ. ಡ್ರಮ್ ಬೇಡ ಎಂದು ದೂರುತ್ತಿದ್ದ ಹಿರಿಯರೊಬ್ಬರು ಆಮೇಲೆ "ಆ ಹುಡುಗನಿಗೆ ಕೂರಲು ಸರಿಯಾದ ಸ್ಟೂಲ್ ಕೊಡಿಸಮ್ಮಾ" ಎಂದು ತಾವೇ ದುಡ್ಡು ಕೊಟ್ಟರು.

ಸದ್ದಿನ ಬಗ್ಗೆ ಅವರ ದೂರು ಸುಳ್ಳೇನಲ್ಲ. ಮೆಥೋಡಿಸ್ಟ್ ಪಂಥ ಶುರುಮಾಡಿದ ಜಾನ್ ವೆಸ್ಲಿ 1761ರಲ್ಲೇ ಹಾಡುವವರಿಗೆ ಏಳು ಸೂಚನೆ ಬರೆದರು. ಅರ್ಧ ಸತ್ತವರ ಹಾಗೆ ಹಾಡಬೇಡಿ ಅಂದರು, ಹಾಗೆಯೇ ಬೇರೆಯವರ ದನಿ ಮುಳುಗುವ ಹಾಗೆ ಕಿರುಚಬೇಡಿ ಅಂದರು. ನಾವು ಮೊದಲು ಮೈಕ್ ಇಲ್ಲದೆ ಕಲಿಯುತ್ತೇವೆ. ಸ್ಪೀಕರ್ ಮೈಕಿಗಿಂತ ಮುಂದೆ, ಮೈಕಿನ ಬಾಯಿ ಸ್ಪೀಕರ್ ಕಡೆ ತಿರುಗಬಾರದು, ಇಲ್ಲದಿದ್ದರೆ ಕುಯ್ ಎನ್ನುತ್ತದೆ. ಕೊನೆಯ ಚರಣಕ್ಕೆ ಎಲ್ಲ ವಾದ್ಯ ನಿಲ್ಲಿಸಿ ಬರೀ ದನಿಯಲ್ಲಿ ಹಾಡುತ್ತೇವೆ. ಸಭೆ ಹಾಡುತ್ತಿದೆಯೋ ಇಲ್ಲವೋ ಎಂಬುದು ಆಗ ಮಕ್ಕಳಿಗೇ ಕೇಳಿಸುತ್ತದೆ, ನಾನು ಹೇಳಬೇಕಾಗಿಲ್ಲ. ಸಭೆ ಹಾಡಲಿಲ್ಲ ಅಂದರೆ ಮುಂದಿನ ವಾರ ಶ್ರುತಿ, ವೇಗ, ಸದ್ದು ಮೂರನ್ನೂ ಅವರೇ ಕೂತು ನೋಡುತ್ತಾರೆ. ಆರಾಧನೆ ನಡೆಯುವಾಗ ಯಾರಾದರೂ ತಪ್ಪು ಬಾರಿಸಿದರೆ ನಾನು ತಿರುಗಿ ನೋಡುವುದಿಲ್ಲ, ಹಾಡುತ್ತಾ ಹೋಗುತ್ತೇನೆ. ಆ ಮಾತು ಮುಂದಿನ ಪ್ರಾಕ್ಟೀಸಿಗೆ.

ಅಪ್ಪ ಅಮ್ಮಂದಿರ ನಂಬಿಕೆ ಇಲ್ಲದೆ ಇದೆಲ್ಲ ನಡೆಯುವುದಿಲ್ಲ. ಶನಿವಾರ ಸಂಜೆ ಕತ್ತಲಾಗುವ ಮೊದಲೇ ಪ್ರಾಕ್ಟೀಸ್ ಮುಗಿಯುತ್ತದೆ. ಯಾವಾಗಲೂ ಇಬ್ಬರು ದೊಡ್ಡವರು ಇರುತ್ತೇವೆ, ಬಾಗಿಲು ತೆರೆದಿರುತ್ತದೆ. ವಾಟ್ಸಾಪ್ ಗ್ರೂಪಿನಲ್ಲಿ ಪೋಷಕರೂ ಇದ್ದಾರೆ, ಮಕ್ಕಳಿಗೆ ಪ್ರತ್ಯೇಕ ಮೆಸೇಜ್ ಯಾರೂ ಕಳಿಸಬಾರದು, ನಾನೂ ಸೇರಿ. ಇನ್ನೊಂದು, ಪರೀಕ್ಷೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಬರುವುದೂ ಎಸ್‌ಎಸ್‌ಎಲ್‌ಸಿ, ಪಿಯು ಪರೀಕ್ಷೆ ಬರುವುದೂ ಒಂದೇ ಹೊತ್ತಿಗೆ. ಪರೀಕ್ಷೆ ಇರುವವರನ್ನು ನಾವೇ ಬಿಡುವು ಮಾಡಿ ಕಳಿಸುತ್ತೇವೆ, ಅವರಿಗಾಗಿ ಪ್ರಾರ್ಥನೆ ಮಾಡುತ್ತೇವೆ. ಶುಭ ಶುಕ್ರವಾರದ ಹಾಡುಗಳನ್ನು ವಾದ್ಯವಿಲ್ಲದೆ ನಿಧಾನವಾಗಿ ಹಾಡುತ್ತೇವೆ, ಎಂಟು ಒಂಬತ್ತನೇ ಕ್ಲಾಸಿನವರು ಸಾಕಾಗುತ್ತಾರೆ, ಆ ದಿನಕ್ಕೆ ಅದು ಹೊಂದುತ್ತದೆ ಕೂಡ. ಪರೀಕ್ಷೆಯ ಕಾಲದಲ್ಲಿ ಎಳೆದಾಡದೆ ಬಿಟ್ಟರೆ ಈಸ್ಟರ್ ಆದ ಮೇಲೆ ತಾವಾಗಿಯೇ ಬರುತ್ತಾರೆ.

ಒಬ್ಬ ಹುಡುಗಿ ಒಮ್ಮೆ ಕೇಳಿದಳು, "ಆಂಟಿ, ನಂಗೆ ಕೆಲವು ಸಲ ದೇವರು ಇದಾನಾ ಅನ್ಸುತ್ತೆ. ಆಗಲೂ ಮುಂದೆ ನಿಂತು ಹಾಡಬಹುದಾ?" ಅವಳ ಮನೆಯಲ್ಲಿ ಆ ವರ್ಷ ಸಾವು ಆಗಿತ್ತು. 13ನೇ ಕೀರ್ತನೆ ತೆಗೆದು ಕೊಟ್ಟೆ. ಎಲ್ಲಿಯವರೆಗೆ ನನ್ನನ್ನು ಮರೆತಿರುತ್ತೀ ಎಂದು ದಾವೀದ ಕೇಳುವುದು ಅದರಲ್ಲಿ. ಅದನ್ನೂ ಹಾಡೆಂದೇ ಬೈಬಲಿನಲ್ಲಿ ಇಟ್ಟಿದ್ದಾರೆ, ನೀನೂ ಹಾಡು ಎಂದೆ. ಮುಂದಿನ ಭಾನುವಾರ ಅವಳೇ ಅದನ್ನು ಸಭೆಯ ಮುಂದೆ ಓದಿದಳು. ಇಂಥ ಪ್ರಶ್ನೆ ಇರುವ ಮಕ್ಕಳನ್ನು ಹಾಡಿನಿಂದ ದೂರ ಇಡಬೇಕು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಹದಿನೆಂಟಕ್ಕೆ ಎಲ್ಲರೂ ಹೋಗುತ್ತಾರೆ. ಕೆಲವರು ಬೆಂಗಳೂರಿಗೆ ಡಿಗ್ರಿಗೆ, ಕೆಲವರು ನರಸಾಪುರದ ಫ್ಯಾಕ್ಟರಿಗಳಿಗೆ ಶಿಫ್ಟ್ ಕೆಲಸಕ್ಕೆ. ವರ್ಷವರ್ಷ ತಂಡ ಒಡೆಯುತ್ತದೆ, ಅದಕ್ಕೆ ಮೊದಲೇ ತಯಾರಿರಬೇಕು. ಬೈಬಲಿನ 1 ಪೂರ್ವಕಾಲವೃತ್ತಾಂತ 25ರಲ್ಲಿ ದೇವಾಲಯದ 288 ಹಾಡುಗಾರರ ಲೆಕ್ಕ ಇದೆ. ಹಿರಿಯ ಕಿರಿಯ, ಗುರು ಶಿಷ್ಯ ಎಂದು ನೋಡದೆ ಚೀಟು ಹಾಕಿ, ಹನ್ನೆರಡು ಹನ್ನೆರಡು ಜನರ 24 ಗುಂಪುಗಳ ಸರದಿ ಗೊತ್ತು ಮಾಡಿದರು. ನಾವೂ ಪ್ರತಿ ವಾದ್ಯಕ್ಕೆ ಇಬ್ಬರನ್ನು ಇಡುತ್ತೇವೆ, ಒಬ್ಬರು ದೊಡ್ಡವರು, ಒಬ್ಬರು ಚಿಕ್ಕವರು. ಈಗ ಕೀಬೋರ್ಡ್ ನುಡಿಸುವ ಹುಡುಗಿ ಜೂನ್‌ನಲ್ಲಿ ಕಾಲೇಜಿಗೆ ಹೋಗುತ್ತಾಳೆ. ಪಕ್ಕದಲ್ಲಿ ಕೂರುವ ಎಂಟನೇ ಕ್ಲಾಸಿನ ಹುಡುಗನಿಗೆ ಬಲಗೈ ಬರುತ್ತದೆ, ಎಡಗೈ ಇನ್ನೂ ಬಂದಿಲ್ಲ. ಆದ್ದರಿಂದ ಈ ತಿಂಗಳು ಮೊದಲ ಹಾಡಿಗೆ ಅವನು ರಾಗ, ಅವಳು ಕೆಳಗಿನ ಸ್ವರ. ಮುಂದಿನ ತಿಂಗಳು ಎರಡನೇ ಹಾಡೂ ಅವನಿಗೆ.