ಬೋರ್‌ವೆಲ್ ನೀರು, ಐದು ದಾಡಿ ಬ್ರಷ್

ನಮ್ಮ ಮನೆ ಕಲಬುರಗಿಯಲ್ಲಿ, ಅಪ್ಪನ ಕೆರೆಯಿಂದ ಸ್ವಲ್ಪ ದೂರ. ಬಳಸೋದು ಬೋರ್‌ವೆಲ್ ನೀರು. ಬಚ್ಚಲಿನ ಶಹಾಬಾದ್ ಪರಸಿ ಮೇಲೆ ಕೂತ ಬಿಳಿ ಪದರ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ದಾಡಿ ಬ್ರಷ್ ವಿಷಯದಲ್ಲಿ ಈ ನೀರಿನ ಮಾತು ಯಾಕೆ ಅಂತೀರಾ? ಎರಡು ವರ್ಷ ನಾನು ಒಂದರ ಹಿಂದೆ ಒಂದು ಬ್ರಷ್ ತಂದದ್ದು ಈ ನೀರಿನಿಂದಲೇ.

ಮೊದಲನೆಯದನ್ನು ಜನರಲ್ ಸ್ಟೋರಿನಲ್ಲಿ ತಗೊಂಡಿದ್ದೆ. ಪ್ಲಾಸ್ಟಿಕ್ ಹಿಡಿಕೆ, ಪೊರಕೆಯಂಥ ಕೂದಲು. ಎರಡೇ ವಾರದಲ್ಲಿ ಕೂದಲು ಉದುರಿ ಗಲ್ಲಕ್ಕೆ ಅಂಟತೊಡಗಿತು. ನೊರೆ ಬಂದರೂ ಅರ್ಧ ಮುಖ ಮುಗಿಯುವ ಹೊತ್ತಿಗೆ ಒಣಗುತ್ತಿತ್ತು. ನಮ್ಮ ಓಣಿಯ ಕಟಿಂಗ್ ಅಂಗಡಿಯ ಅಣ್ಣನಿಗೆ ತೋರಿಸಿದೆ. ಅವರು ಕೇಳಿದ್ದು ಒಂದೇ ಮಾತು: "ಮೊದ್ಲು ನೆನೆಸಿದ್ರಿ ಏನ್ರಿ?" ನಾನು ನೆನೆಸಿರಲಿಲ್ಲ. ಬ್ರಷ್ ನೆನೆಸಬೇಕು ಅನ್ನೋದೇ ನನಗೆ ಗೊತ್ತಿರಲಿಲ್ಲ.

ಆಮೇಲೆ ಇಟಲಿಯ ಒಮೆಗಾ ಬ್ರಷ್ ತರಿಸಿದೆ. ಅದು ಹಂದಿ ಕೂದಲಿನದು. ಹಂದಿ ಕೂದಲು ನೀರನ್ನು ಒಳಗೇ ಹೀರಿಕೊಳ್ಳುತ್ತದೆ. ಅದಕ್ಕೇ ಲೋಟದ ನೀರಿನಲ್ಲಿ ನಾಲ್ಕೈದು ನಿಮಿಷ ಬಿಡಬೇಕು. ಒಣ ಬ್ರಷ್ ಹಚ್ಚಿದರೆ ಅದು ನೊರೆಯಲ್ಲಿರುವ ನೀರನ್ನೇ ಎಳೆದುಕೊಳ್ಳುತ್ತದೆ. ಮೊದಲ ವಾರ ಒದ್ದೆ ದನದ ಕೊಟ್ಟಿಗೆಯಂಥ ವಾಸನೆ ಇತ್ತು. ಶಾಂಪೂ ಹಾಕಿ ತೊಳೆದೆ. ದಾಡಿ ಇಲ್ಲದ ದಿನವೂ ಅಂಗೈ ಮೇಲೆ ಸುಮ್ನೆ ನೊರೆ ತೆಗೆದು, ತೊಳೆದು, ಒಣಗಿಸಿದೆ. ಇಪ್ಪತ್ತು ಸಲ ಆದ ಮೇಲೆ ಒಂದು ಬೆಳಿಗ್ಗೆ ಕಿಟಕಿಯ ಬಿಸಿಲಿಗೆ ಹಿಡಿದು ನೋಡಿದೆ. ಒಂದೊಂದು ಕೂದಲಿನ ತುದಿಯೂ ಎರಡು, ಮೂರು ಎಳೆಯಾಗಿ ಸೀಳಿತ್ತು. ಬುಡ ಮೊದಲಿನಷ್ಟೇ ಗಟ್ಟಿ, ತುದಿ ಮಾತ್ರ ಮೆತ್ತಗೆ. ಈ ಬ್ರಷ್ ಹಳೆಯದಾದಷ್ಟೂ ಛಲೋ ಆಗುವುದು ಹೀಗೆ. ಅಂಗಡಿಯಲ್ಲಿ ಬೆರಳಾಡಿಸಿ ನೋಡಿ ಒರಟು ಅಂತ ಬಿಟ್ಟು ಬರುವವರಿಗೆ ಇದು ಗೊತ್ತೇ ಆಗುವುದಿಲ್ಲ.

ಒಂದು ಮಾತು. ಡಬ್ಬಿ ಮೇಲೆ ಎಷ್ಟೋ ಸಲ 'ನ್ಯಾಚುರಲ್ ಬ್ರಿಸಲ್' ಅಂತಷ್ಟೇ ಇರುತ್ತದೆ. ಅದು ಹೆಚ್ಚಾಗಿ ಹಂದಿ ಕೂದಲೇ. ಬಂದೇ ನವಾಜ್ ದರ್ಗಾದ ಹತ್ತಿರ ಇರುವ ನನ್ನ ಗೆಳೆಯ ಅದನ್ನು ಮುಟ್ಟುವುದಿಲ್ಲ. ನಮ್ಮ ಅಮ್ಮನಿಗೂ ಅದು ಮನೆಯೊಳಗೆ ಬರುವುದು ಬೇಡವಾಗಿತ್ತು. ಯಾರಿಗಾದರೂ ಉಡುಗೊರೆ ಕೊಡುವ ಮೊದಲು ಕೇಳಿ ಕೊಡಿ. ಯಾವುದರಿಂದ ಮಾಡಿದ್ದು ಅಂತ ಅನುಮಾನ ಇದ್ದರೆ ಉದುರಿದ ಒಂದು ಎಳೆ ಸುಟ್ಟು ನೋಡಿ. ಪ್ರಾಣಿಯ ಕೂದಲಾದರೆ ತಲೆಗೂದಲು ಸುಟ್ಟ ವಾಸನೆ ಬರುತ್ತದೆ, ಸಿಂಥೆಟಿಕ್ ಆದರೆ ಕರಗಿ ಗುಂಡಾಗುತ್ತದೆ.

ಹಂದಿ ಬ್ರಷ್ ಪಳಗಿದರೂ ನೊರೆ ಮಾತ್ರ ನಿಲ್ಲಲಿಲ್ಲ. ಕುದುರೆ ಕೂದಲಿನದು ತರಿಸಿದೆ. ಅದು ಕುತ್ತಿಗೆ ಮತ್ತು ಬಾಲದ ಕೂದಲು. ಕತ್ತರಿಸಿ ತೆಗೆಯುತ್ತಾರೆ, ಪ್ರಾಣಿ ಸಾಯಬೇಕಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಸರಿಯಾಗಿ ಶುದ್ಧಿ ಮಾಡದ ಕುದುರೆ ಕೂದಲಿನ ಬ್ರಷ್‌ಗಳಿಂದ ಬ್ರಿಟನ್, ಅಮೆರಿಕದಲ್ಲಿ ಜನರಿಗೆ ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ತಗುಲಿತ್ತು. ಈಗ ಕೂದಲನ್ನು ಶುದ್ಧಿ ಮಾಡಿಯೇ ಬಳಸುತ್ತಾರೆ. ಬ್ರಷ್ ಚೆನ್ನಾಗಿತ್ತು, ನೊರೆ ಮತ್ತೆ ಅಷ್ಟೇ.

ಒಂದು ದಿನ ನಳದಲ್ಲಿ ನೀರು ಬರಲಿಲ್ಲ. ಅಡುಗೆ ಮನೆಯ ಆರ್‌ಒ ಫಿಲ್ಟರಿನಿಂದ ಒಂದು ಲೋಟ ಹಿಡಿದುಕೊಂಡು ಬಂದೆ. ಅದೇ ಹಂದಿ ಬ್ರಷ್, ಅದೇ ಸಾಬೂನು. ನೊರೆ ಮೊಸರಿನ ಕೆನೆಯಂತೆ ಎದ್ದು ನಿಂತಿತು. ಗಲ್ಲದ ಮೇಲೆ ಐದು ನಿಮಿಷ ಬಿಟ್ಟು ನೋಡಿದೆ, ಹಾಗೇ ಇತ್ತು! ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನ ಜೊತೆ ಸೇರಿ ಕರಗದ ಜಿಡ್ಡಾಗುತ್ತವೆ. ನೊರೆಯಾಗಬೇಕಾದ ಸಾಬೂನು ಜಿಡ್ಡಾಗಿ ಹೋಗುತ್ತದೆ. ಆ ಜಿಡ್ಡು ಬ್ರಷ್‌ನ ಬುಡದಲ್ಲಿ ಕೂರುತ್ತದೆ. ಪರಸಿ ಮೇಲಿನ ಬಿಳಿ ಪದರ ನನಗೆ ದಿನಾ ಇದನ್ನೇ ಹೇಳುತ್ತಿತ್ತು ಅಲ್ವಾ?

ಅವತ್ತಿನಿಂದ ದಾಡಿಗೆ ಒಂದು ಲೋಟ ಆರ್‌ಒ ನೀರು ಬೇರೆ ಇಡುತ್ತೇನೆ. ಮಳೆಗಾಲದಲ್ಲಿ ಮಾಳಿಗೆಯಿಂದ ಬೀಳುವ ನೀರನ್ನು ಬಕೆಟ್‌ನಲ್ಲಿ ಹಿಡಿದು ಸೋಸಿಟ್ಟರೂ ನಡೆಯುತ್ತದೆ. ತಿಂಗಳಿಗೊಮ್ಮೆ ಬ್ರಷ್‌ಗಳನ್ನು ನಿಂಬೆರಸ ಬೆರೆಸಿದ ನೀರಿನಲ್ಲಿ ಐದು ನಿಮಿಷ ಅದ್ದಿ, ಬೆರಳಿನಿಂದ ಬುಡದ ತನಕ ಬಿಡಿಸಿ ತೊಳೆಯುತ್ತೇನೆ. ಕುದಿಯುವ ನೀರು ಬೇಡ. ಕೂದಲೂ ಹಾಳು, ಬುಡದ ಅಂಟೂ ಸಡಿಲ. ಮೇ ತಿಂಗಳಲ್ಲಂತೂ ನಮ್ಮ ಟ್ಯಾಂಕಿನ ನೀರೇ ಕೈ ಸುಡುತ್ತದೆ.

ಈಗ ದಿನಾ ಕೈಗೆ ಸಿಗುವುದು ಸಿಂಥೆಟಿಕ್ ಬ್ರಷ್. ಅದರ ಗಂಟು, ಅಂದರೆ ಹಿಡಿಕೆಗೆ ಸೇರುವಲ್ಲಿ ಎಳೆಗಳ ಕಟ್ಟು, 24 ಮಿ.ಮೀ. ದಪ್ಪ. ಅದರ ಎಳೆ ನೀರು ಹೀರುವುದಿಲ್ಲ, ಎಳೆಗಳ ಸಂದಿಯಲ್ಲಿ ಹಿಡಿದಿಡುತ್ತದೆ. ನೆನೆಸುವ ಕೆಲಸ ಇಲ್ಲ, ಸಾಬೂನೂ ಕಡಿಮೆ ಸಾಕು, ಬೇಗ ಒಣಗುತ್ತದೆ. ಎಂಟಕ್ಕೆ ಬಸ್ ಹಿಡಿಯಬೇಕಾದವರಿಗೆ ನಾನು ಇದನ್ನೇ ಹೇಳುತ್ತೇನೆ. ಗೆಳೆಯನಿಗೂ ಇದನ್ನೇ ಕೊಟ್ಟೆ. ಹಂದಿ ಬ್ರಷ್ ನನಗೆ ಭಾನುವಾರಕ್ಕೆ. ಅದರ ಗಟ್ಟಿ ಬುಡ ಗಲ್ಲವನ್ನು ತಿಕ್ಕುವಾಗ ಸಿಗುವ ಹಿತ ಸಿಂಥೆಟಿಕ್‌ನಲ್ಲಿ ಇಲ್ಲ.

ಕೊನೆಗೆ ತಂದದ್ದು ಬ್ಯಾಡ್ಜರ್ ಕೂದಲಿನ ಬ್ರಷ್. ಬ್ಯಾಡ್ಜರ್ ಅಂದರೆ ನಮ್ಮ ಕಡೆಯ ತರಕರಡಿಯ ದೂರದ ನೆಂಟ ಅನ್ನಬಹುದಾದ ಪ್ರಾಣಿ. ಈ ಬ್ರಷ್ ಎಲ್ಲಕ್ಕಿಂತ ದುಬಾರಿ, ಅದರಲ್ಲೂ ತುದಿ ಬಿಳಿ ಇರುವ ಸಿಲ್ವರ್‌ಟಿಪ್ ಜಾಸ್ತಿ ದುಬಾರಿ. ನೀರನ್ನು ಭಾಳ ಹಿಡಿಯುತ್ತದೆ, ಮುಖದ ಮೇಲೆ ಹತ್ತಿಯ ಹಾಗೆ ಜಾರುತ್ತದೆ. ಇದನ್ನು ನನಗೆ ಅಂತಲೇ ತಂದಿದ್ದೆ, ಈಗ ಅಪ್ಪನಿಗೆ ಇಟ್ಟಿದ್ದೇನೆ. ವಯಸ್ಸಾಗಿ ಅವರ ಚರ್ಮ ತೆಳುವಾಗಿದೆ, ಕೈ ನಡುಗುತ್ತದೆ. ವಾರಕ್ಕೆರಡು ಸಲ ಅಂಗಳದಲ್ಲಿ ಕುರ್ಚಿ ಹಾಕಿ ನಾನೇ ದಾಡಿ ಮಾಡುತ್ತೇನೆ. ಹಂದಿ ಬ್ರಷ್ ಹಚ್ಚಿದ ದಿನ ಅವರು ಮುಖ ಹಿಂದಕ್ಕೆ ಎಳೆದುಕೊಂಡಿದ್ದರು. ಬ್ಯಾಡ್ಜರ್ ತಿರುಗಿಸುವಾಗ ಕಣ್ಣು ಮುಚ್ಚಿ ಕೂರುತ್ತಾರೆ. ಬ್ಲೇಡ್ ಕೈಗೆ ತಗೊಂಡರೆ ಒಂದು ಕಣ್ಣು ತೆರೆದು ಹೇಳುತ್ತಾರೆ, "ಇನ್ನೊಮ್ಮೆ ತಿರುವಪ್ಪ, ಅವಸರ ಏನದ?"